ಹೊಸ ತೊಡಕಿನ ಲೆಕ್ಕ

"ನಿಮ್ಮ ಕೊನೆಯ ಋತುಸ್ರಾವ ಯಾವ ದಿನಾಂಕದಂದು ಆಯಿತು?"

ಕೇಳಿದವನು ತರಬೇತಿಯಲ್ಲಿದ್ದ ನಮ್ಮ ಹೌಸ್ ಸರ್ಜನ್ ಹುಡುಗ. ಎದುರಿಗೆ ಕೂತವಳಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ನನ್ನ ಮುಖ ನೋಡಿದರು. 2024ರ ಜೂನ್ ತಿಂಗಳು, ತಾಲ್ಲೂಕು ಆಸ್ಪತ್ರೆಯ ಓಪಿಡಿ, ಹೊರಗೆ ಇನ್ನೂ ನಲವತ್ತು ಜನ ಕಾಯುತ್ತಿದ್ದರು. ನಾನೇ ಬಾಯಿ ಹಾಕಿದೆ. "ಕೊನೇ ಸಲ ಹೊರಗಾಗಿದ್ದು ಯಾವಾಗಮ್ಮ?"

"ಹೊಸ ತೊಡಕಿನ ದಿನ ಮೇಡಂ," ಅಂದಳು ತಟ್ಟನೆ. "ಎಲ್ರೂ ಬಾಡೂಟ ಮಾಡ್ತಿದ್ರು, ನಾನೊಬ್ಳೇ ಹಿತ್ಲಲ್ಲಿ ಕೂತಿದ್ದೆ."

ಹುಡುಗ ಪೆನ್ನು ಎತ್ತಿದವನು ಹಾಗೇ ಕೂತ. ಹುಬ್ಬಳ್ಳಿ ಕಡೆಯವನು, ಪಾಪ. ಹೊಸ ತೊಡಕು ಅಂದರೆ ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಯುಗಾದಿಯ ಮಾರನೇ ದಿನ ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ಗೋಡೆಯ ಕ್ಯಾಲೆಂಡರ್ ತೋರಿಸಿದೆ. ಆ ವರ್ಷ ಯುಗಾದಿ ಏಪ್ರಿಲ್ 9ಕ್ಕೆ. ಹೊಸ ತೊಡಕು 10ಕ್ಕೆ. ಅದಕ್ಕೆ ಏಳು ದಿನ ಕೂಡಿಸು, ಮೂರು ತಿಂಗಳು ಹಿಂದಕ್ಕೆ ಹೋಗು, ಒಂದು ವರ್ಷ ಮುಂದಕ್ಕೆ ಹಾಕು. 2025ರ ಜನವರಿ 17. ಸಂಕ್ರಾಂತಿ ಆಗಿ ಮೂರು ದಿನಕ್ಕೆ.

"ಸಂಕ್ರಾಂತಿ ಮುಗಿದ ಮೇಲೆ ನೋಡಮ್ಮ," ಅಂದೆ. ಅತ್ತೆಗೆ ತಕ್ಷಣ ಅರ್ಥವಾಯಿತು. "ಹಂಗಾರೆ ಅವರೆಕಾಯಿ ಕಾಲಕ್ಕೆ ಬಾಣಂತನ," ಅಂತ ನಕ್ಕರು.

ಈ ಲೆಕ್ಕಕ್ಕೆ ನೇಗೆಲೆ ಸೂತ್ರ ಅಂತ ಹೆಸರು. ಹೈಡೆಲ್‌ಬರ್ಗ್‌ನಲ್ಲಿ ಪಾಠ ಮಾಡುತ್ತಿದ್ದ ಜರ್ಮನ್ ಪ್ರಸೂತಿ ತಜ್ಞ ನೇಗೆಲೆಯ ಹೆಸರು ಅದು. ಕೊನೆ ಮುಟ್ಟಿನ ಮೊದಲ ದಿನದಿಂದ ಸುಮಾರು 280 ದಿನ. ಹೇಳಿದ ದಿನಕ್ಕೇ ಸರಿಯಾಗಿ ಹೆರುವವರು ನೂರಕ್ಕೆ ನಾಲ್ಕೈದು ಮಂದಿ ಅಷ್ಟೇ. ಉಳಿದವರು ಒಂದೆರಡು ವಾರ ಆಚೀಚೆ. ಮಗು ಪಂಚಾಂಗ ನೋಡಲ್ಲ ಅಲ್ವಾ. 28 ದಿನಕ್ಕೊಮ್ಮೆ ಸರಿಯಾಗಿ ಮುಟ್ಟಾಗುವವರಿಗೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಏರುಪೇರು ಇದ್ದರೆ ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನೇ ಗಟ್ಟಿ.

ಓಬಿಜಿ, ಅಂದರೆ ಹೆರಿಗೆ ಮತ್ತು ಸ್ತ್ರೀರೋಗಗಳ ವಿಭಾಗ, ಮೊದಲು ಭಾಷೆ, ಆಮೇಲೆ ಕೈ, ಆಮೇಲೆ ಗಡಿಯಾರ. ನನಗೆ ಇದು ಅರ್ಥವಾಗುವ ಹೊತ್ತಿಗೆ ಪಾಸಾಗಿ ಎರಡು ವರ್ಷ ಆಗಿತ್ತು. ಪರೀಕ್ಷೆಗೆ ಓದುವಾಗ ಎಲ್ಲಾ ತಲೆಕೆಳಗಾಗಿ ಕಲಿತಿದ್ದೆ.

ಆ ಒಂದು ಪ್ರಶ್ನೆಯನ್ನೇ ತಗೊಳ್ಳಿ. "ಮುಟ್ಟು ನಿಂತಿದ್ದು ಯಾವಾಗ?" ಅಂತ ಕೇಳಿದರೆ ಹೆಂಗಸು ತನಗೆ ಮುಟ್ಟು ತಪ್ಪಿದ ತಾರೀಖು ಹೇಳುತ್ತಾಳೆ. ಅಲ್ಲಿಗೆ ಲೆಕ್ಕ ಒಂದು ತಿಂಗಳು ತಪ್ಪಿತು. "ತಲೆಗೆ ನೀರು ಹಾಕ್ಕೊಂಡಿದ್ದು ಯಾವಾಗ?" ಅಂದರೆ ಕೆಲವರು ನಾಲ್ಕನೇ ದಿನದ್ದು ಹೇಳುತ್ತಾರೆ. "ಎಷ್ಟು ಮಕ್ಕಳು?" ಅಂದರೆ ಬದುಕಿರುವವರ ಲೆಕ್ಕ ಮಾತ್ರ ಬರುತ್ತದೆ. ಮೂರನೇ ತಿಂಗಳಿಗೆ ಇಳಿದುಹೋದದ್ದು, ಹುಟ್ಟಿದ ಎರಡನೇ ದಿನಕ್ಕೆ ಹೋದ ಕೂಸು, ಇವು ಬರುವುದಿಲ್ಲ. ಆದ್ದರಿಂದ "ಇದು ಎಷ್ಟನೇ ಸಲ ನಿಂತಿದ್ದು?" ಅಂತ ಕೇಳಬೇಕು. ಅದೂ ಅತ್ತೆಯನ್ನು ತಾಯಿ ಕಾರ್ಡ್ ಜೆರಾಕ್ಸ್ ಮಾಡಿಸೋಕೆ ಹೊರಗೆ ಕಳಿಸಿದ ಮೇಲೆ. ಗ್ರಾವಿಡಾ (ಎಷ್ಟು ಸಲ ಬಸಿರು), ಪ್ಯಾರಾ (ಎಷ್ಟು ಹೆರಿಗೆ), ಲಿವಿಂಗ್ (ಬದುಕಿರುವವರು), ಅಬಾರ್ಷನ್ (ಇಳಿದುಹೋದದ್ದು) ಅಂತ ನಾಲ್ಕು ಅಂಕಿ ಬರೆಯೋದು ಐದು ಸೆಕೆಂಡಿನ ಕೆಲಸ. ಅವು ನಿಜವಾದ ಅಂಕಿ ಆಗಬೇಕಾದರೆ ಜೆರಾಕ್ಸ್ ಅಂಗಡಿ ಸ್ವಲ್ಪ ದೂರ ಇರಬೇಕು.

ಇನ್ನು ಕೈ.

ಮೂರನೇ ವರ್ಷದ ಮೊದಲ ಪೋಸ್ಟಿಂಗ್‌ನಲ್ಲಿ ನಾನು ಮುಟ್ಟಿದ ಮೊದಲ ಬಸುರಿ ಹೊಟ್ಟೆ ನೆನಪಿದೆ. ಡಿಸೆಂಬರ್ ಬೆಳಗ್ಗೆ, ಎಂಟು ಗಂಟೆ. ಕೈಯಿಟ್ಟ ತಕ್ಷಣ ಆಕೆ ಬೆಚ್ಚಿದರು, ಹೊಟ್ಟೆ ಕಲ್ಲಾಯಿತು. "ಕೈ ಮಂಜುಗಡ್ಡೆ ಆಗದೆ ಕಣವ್ವ, ಉಜ್ಕೊಂಡು ಬಾ," ಅಂದರು. ಹಿಂದೆ ನಿಂತಿದ್ದ ಇಪ್ಪತ್ತು ಜನ ಬ್ಯಾಚ್‌ಮೇಟ್‌ಗಳು ನಕ್ಕರು. ನಮ್ಮ ಮೇಡಂ ನಗಲಿಲ್ಲ. "ಅವರೇ ನಿನಗೆ ಮೊದಲ ಪಾಠ ಮಾಡಿದ್ರು, ಬರ್ಕೋ," ಅಂದರು. ಕೈ ಬೆಚ್ಚಗೆ ಮಾಡಿಕೋ. ಬಲಗಡೆ ನಿಲ್ಲು. ಮೊದಲು ಯೂರಿನ್ ಮಾಡಿ ಬರೋಕೆ ಹೇಳು. ಮೊಣಕಾಲು ಸ್ವಲ್ಪ ಮಡಿಸೋಕೆ ಹೇಳು. ಆಮೇಲೆ ಮುಟ್ಟು.

ಗರ್ಭಕೋಶ 12 ವಾರಕ್ಕೆ ಕೆಳಗಿನ ಮೂಳೆಯ ಮೇಲೆ ಸ್ವಲ್ಪ ಇಣುಕುತ್ತದೆ. 24 ವಾರದ ಹೊತ್ತಿಗೆ ಹೊಕ್ಕುಳ ಮಟ್ಟ. 36ಕ್ಕೆ ಎದೆಗೂಡಿನ ಕೆಳಗಿನ ತುದಿ. ಆಮೇಲೆ ತಲೆ ಕೆಳಗಿಳಿದರೆ ಹೊಟ್ಟೆಯೂ ಇಳಿಯುತ್ತದೆ. "ಹೊಟ್ಟೆ ಜಾರಿದೆ, ಇನ್ನೇನು ದಿನ ಹತ್ರ ಬಂತು" ಅಂತ ಅಜ್ಜಿಯರು ಹೇಳುವುದು ಇದನ್ನೇ. ಆಮೇಲೆ ನಾಲ್ಕು ಹಿಡಿತಗಳು, ಲಿಯೋಪೋಲ್ಡ್ ಹೆಸರಿನವು. ಮೇಲೆ ಮೆತ್ತಗೆ ಅಗಲವಾಗಿ ಸಿಗುವುದು ಕುಂಡಿ. ಪಕ್ಕದಲ್ಲಿ ಒಂದು ಕಡೆ ಹಲಗೆಯ ಹಾಗೆ ಸಿಗುವುದು ಬೆನ್ನು, ಇನ್ನೊಂದು ಕಡೆ ಗಂಟು ಗಂಟಾಗಿ ಕೈಕಾಲು. ಕೆಳಗೆ ಗುಂಡಗೆ, ಗಟ್ಟಿಯಾಗಿ, ಎರಡು ಕೈ ನಡುವೆ ಆಡುವುದು ತಲೆ. ಆ ತಲೆ ಮೂಳೆಯ ಮೇಲೆ ಎಷ್ಟು ಬೆರಳಿನಷ್ಟು ಸಿಗುತ್ತೆ ಅಂತ ಎಣಿಸಬೇಕು. ಐದು ಬೆರಳೂ ಸಿಕ್ಕರೆ ಇನ್ನೂ ಮೇಲೇ ಇದೆ. ಎರಡೇ ಸಿಕ್ಕರೆ ಒಳಗೆ ಕೂತಿದೆ. ಇದಕ್ಕೆ ಕರೆಂಟೂ ಬೇಡ, ಮೆಷಿನ್ನೂ ಬೇಡ.

ಒಳಪರೀಕ್ಷೆ ಕಷ್ಟ. ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಅಂತ ಕಣ್ಣಿಗೆ ಕಾಣಲ್ಲ, ಎರಡು ಬೆರಳು ಅಗಲಿಸಿ ಅಂದಾಜು ಮಾಡಬೇಕು. ನಾನು 6 ಅಂದರೆ ಪಿಜಿ ಅಕ್ಕ 4 ಅನ್ನುತ್ತಿದ್ದರು. ಒಂದು ದಿನ ಹಾಸ್ಟೆಲಿನಲ್ಲಿ ಸ್ಕೇಲ್ ಹಿಡಿದು ಕೂತೆ. ನೀರಿನ ಬಾಟಲಿ ಮುಚ್ಚಳ ಸುಮಾರು 3 ಸೆಂಟಿಮೀಟರ್. ನನ್ನ ಟೂ ಸಿಕ್ಸ್ ಬಳೆಯ ಒಳಗಿನ ಅಗಲ 6. ಕಣ್ಣು ಮುಚ್ಚಿ ಬಳೆಯೊಳಗೆ ಎರಡು ಬೆರಳು ಅಗಲಿಸಿ ಅಗಲಿಸಿ ನೋಡಿದೆ. ಇವತ್ತಿಗೂ ನನ್ನ ಕ್ಲಾಸಿಗೆ ಬಳೆ ತಗೊಂಡೇ ಹೋಗುತ್ತೇನೆ. ಹುಡುಗರು ಮುಜುಗರ ಪಡುತ್ತಾರೆ, ಆಮೇಲೆ ಅವರೇ ಕೇಳಿ ಇಸ್ಕೊಳ್ತಾರೆ.

ಹೆರಿಗೆಯಲ್ಲಿ ಮಗು ಯಾಕೆ ತಿರುಗುತ್ತೆ ಅಂತ ವೈವಾದಲ್ಲಿ ಎಲ್ಲರನ್ನೂ ಕೇಳುತ್ತಾರೆ. ಎಂಗೇಜ್‌ಮೆಂಟ್, ಡಿಸೆಂಟ್, ಫ್ಲೆಕ್ಷನ್, ಇಂಟರ್ನಲ್ ರೊಟೇಷನ್ (ತಲೆ ಕೂರುವುದು, ಇಳಿಯುವುದು, ಬಾಗುವುದು, ಒಳಗೇ ತಿರುಗುವುದು) ಅಂತ ಮಂತ್ರದ ಹಾಗೆ ಒಪ್ಪಿಸುತ್ತೇವೆ. ಟೇಬಲ್ ಮೇಲೆ ಪೆಲ್ವಿಸ್, ಅಂದರೆ ಸೊಂಟದ ಮೂಳೆಗೂಡು, ಅದರೊಳಗೆ ತೂರಿಸೋಕೆ ಬಟ್ಟೆಯ ಗೊಂಬೆ. ನನಗೆ ಇದು ಹೊಳೆದದ್ದು ಹಾಸ್ಟೆಲ್ ಖಾಲಿ ಮಾಡುವಾಗ ಬೀರು ಇಳಿಸಿದ ದಿನ. ಬಾಗಿಲಲ್ಲಿ ಅಡ್ಡ ಹಿಡಿದರೆ ಹೊರಗೆ ಬರುತ್ತೆ, ಮೆಟ್ಟಿಲ ತಿರುವಿನಲ್ಲಿ ಉದ್ದಕ್ಕೆ ತಿರುಗಿಸದೆ ಹೋಗಲ್ಲ. ಪೆಲ್ವಿಸ್‌ನ ಒಳಬಾಯಿ ಅಡ್ಡಕ್ಕೆ ಅಗಲ, ಸುಮಾರು 13 ಸೆಂಟಿಮೀಟರ್. ಹಿಂದೆ ಮುಂದೆ 11. ಹೊರಬಾಯಿಯಲ್ಲಿ ಇದು ಉಲ್ಟಾ. ಹೀಗಾಗಿ ಮಗು ಅಡ್ಡಡ್ಡ ಒಳಗೆ ಬಂದು, ಗದ್ದ ಎದೆಗೊತ್ತಿ, ತಿರುಗಿ, ಉದ್ದುದ್ದ ಹೊರಗೆ ಬರುತ್ತದೆ. ಗದ್ದ ಒತ್ತಿಕೊಂಡರೆ ತಲೆಯ ಅಳತೆ 9.5 ಸೆಂಟಿಮೀಟರಿಗೆ ಇಳಿಯುತ್ತದೆ. ಇಷ್ಟು ಕಣ್ಣ ಮುಂದೆ ಬಂದರೆ ಮಂತ್ರ ಬೇಕಾಗಲ್ಲ.

ಗಡಿಯಾರದ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಸಿಟ್ಟಿದೆ. ಪಾರ್ಟೋಗ್ರಾಫ್ ಅಂತ ಒಂದು ಹಾಳೆ ಇದೆ. ಬೇನೆ ಶುರುವಾದ ಮೇಲೆ ಬಾಯಿ ಎಷ್ಟು ತೆರೆಯಿತು, ತಲೆ ಎಷ್ಟು ಇಳಿಯಿತು, ಮಗುವಿನ ಎದೆಬಡಿತ ಎಷ್ಟು ಅಂತ ಹೊತ್ತು ಹೊತ್ತಿಗೆ ಚುಕ್ಕೆ ಇಡುವ ಹಾಳೆ. ನಮ್ಮ ಬ್ಯಾಚಿನಲ್ಲಿ ಮುಕ್ಕಾಲು ಜನ ಅದನ್ನು ಹೆರಿಗೆ ಆದ ಮೇಲೆ ತುಂಬುತ್ತಿದ್ದೆವು. ನಾನೂ ತುಂಬಿದ್ದೇನೆ. ಗೆರೆ ಚಂದವಾಗಿ ಬರುತ್ತಿತ್ತು. ಬರದೇ ಇರುತ್ತಾ? ಉತ್ತರ ಗೊತ್ತಿದ್ದು ಲೆಕ್ಕ ಬರೆದ ಹಾಗೆ.

ಈ ಹಾಳೆಯ ಮೇಲಿನ ಎರಡು ಗೆರೆಗಳನ್ನು 1972ರಲ್ಲಿ ಕೊಟ್ಟವರು ಫಿಲ್ಪಾಟ್ ಮತ್ತು ಕ್ಯಾಸಲ್ ಅನ್ನುವ ಡಾಕ್ಟರುಗಳು, ಆಫ್ರಿಕಾದ ಆಗಿನ ರೊಡೇಷಿಯಾದಲ್ಲಿ, ಅಂದರೆ ಇವತ್ತಿನ ಜಿಂಬಾಬ್ವೆಯಲ್ಲಿ. ದೂರದ ಹಳ್ಳಿ ಕ್ಲಿನಿಕ್‌ಗಳಲ್ಲಿ ಮಿಡ್‌ವೈಫ್‌ಗಳು ಮಾತ್ರ ಇರುತ್ತಿದ್ದರು. ಯಾವಾಗ ದೊಡ್ಡಾಸ್ಪತ್ರೆಗೆ ಕಳಿಸಬೇಕು ಅಂತ ಅವರಿಗೆ ಒಂದು ಗುರುತು ಬೇಕಿತ್ತು. ಚುಕ್ಕೆ ಮೊದಲ ಗೆರೆ ದಾಟಿದರೆ ಗಾಡಿ ಹೊರಡಿಸು. ಎರಡನೇ ಗೆರೆ ಅದಕ್ಕಿಂತ ನಾಲ್ಕು ಗಂಟೆ ಬಲಕ್ಕೆ, ಆ ಹೊತ್ತಿಗೆ ಹೆಂಗಸು ಆಪರೇಷನ್ ಆಗುವ ಜಾಗದಲ್ಲಿ ಇರಬೇಕು. ಅಂದರೆ ಅದು ರಸ್ತೆಯನ್ನು ಲೆಕ್ಕಕ್ಕೆ ಹಿಡಿದು ಎಳೆದ ಗೆರೆ. ರಾತ್ರಿ ಹನ್ನೆರಡಕ್ಕೆ 108ಕ್ಕೆ ಫೋನ್ ಮಾಡಿ ಜಿಲ್ಲಾಸ್ಪತ್ರೆಗೆ ಕಳಿಸುವ ನಮ್ಮಂಥವರಿಗೇ ಮಾಡಿದ್ದು ಅನಿಸುತ್ತದೆ. ಈಗ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊಸ ಹಾಳೆ ತಂದಿದೆ. ಚುರುಕು ಬೇನೆಯನ್ನು 4ರ ಬದಲು 5 ಸೆಂಟಿಮೀಟರಿನಿಂದ ಎಣಿಸುತ್ತಾರೆ, ಜೊತೆಗೆ ಯಾರಾದರೂ ಇದ್ದಾರಾ, ನೀರು ಕುಡಿದಳಾ ಅನ್ನುವುದಕ್ಕೂ ಅದರಲ್ಲಿ ಕಾಲಂ ಇದೆ. ನೀರು ಕುಡಿದಳಾ ಅಂತ ಕೇಳೋಕೆ ಒಂದು ಕಾಲಂ ಬೇಕಾಯ್ತು ನೋಡಿ.

ಲೇಬರ್ ವಾರ್ಡಿನಲ್ಲಿ ಬೈಗುಳ ಕೇಳದೆ ಯಾವ ವಿದ್ಯಾರ್ಥಿಯೂ ಹೊರಗೆ ಬಂದಿಲ್ಲ. ನಮಗಲ್ಲ, ಹೆರುವವರಿಗೆ. ಯಾವ ಮಾತು ಅಂತ ಬರೆಯಲ್ಲ, ಕೇಳಿದವರಿಗೆ ಗೊತ್ತು. ಆರು ತಿಂಗಳಾದರೆ ಸಾಕು, ಅದೇ ದನಿ ನಮ್ಮ ಬಾಯಲ್ಲೂ ಬರುತ್ತದೆ. ನನ್ನ ಬಾಯಲ್ಲಿ ಬಂದಾಗ ನನಗೇ ಕೇಳಿಸಲಿಲ್ಲ; ಆ ಹೆಂಗಸಿನ ತಾಯಿ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ ರೀತಿಯಿಂದ ಗೊತ್ತಾಯಿತು.

ಈಗ ನನ್ನ ಒಂದು ರಾತ್ರಿಯ ಕಥೆ. ನಾನು ಹೌಸ್ ಸರ್ಜನ್. ಎರಡನೇ ಹೆರಿಗೆ, ಸಲೀಸಾಗಿ ಆಯಿತು. ಮಗು ಹುಟ್ಟಿದ ನಿಮಿಷದೊಳಗೆ ಗರ್ಭಕೋಶ ಬಿಗಿಯಲಿ ಅಂತ ಆಕ್ಸಿಟೋಸಿನ್ 10 ಯೂನಿಟ್ ಕೊಟ್ಟೆ. ಮಾಸು ಪೂರ್ತಿ ಬಂತು, ತಿರುಗಿಸಿ ನೋಡಿದೆ, ಯಾವ ಚೂರೂ ಉಳಿದಿರಲಿಲ್ಲ. ಹೊಲಿಗೆಯೂ ಬೇಕಾಗಲಿಲ್ಲ. ಕೈ ತೊಳೆದು ಕೇಸ್ ಶೀಟ್ ಬರೆಯೋಕೆ ಕೂತೆ. ಹತ್ತು ನಿಮಿಷ ಕಳೆದಿತ್ತೋ ಇಲ್ಲವೋ, ಆಯಾ ಬಂದು "ಮೇಡಂ, ಕೆಳಗೆಲ್ಲ ಒದ್ದೆ," ಅಂದರು.

ರಕ್ತ ನೋಡಿದರೆ ತಲೆ ಓಡಲ್ಲ. ರಕ್ತ ಹೋಗುವುದಕ್ಕೆ ಕಾರಣವಾದ ನಾಲ್ಕು ಟಿ ಬಾಯಿಪಾಠ ಇತ್ತು: ಟೋನ್ (ಗರ್ಭಕೋಶ ಬಿಗಿಯದಿರುವುದು), ಟ್ರಾಮಾ (ಹರಿದ ಗಾಯ), ಟಿಶ್ಯೂ (ಒಳಗುಳಿದ ಮಾಸು), ಥ್ರಾಂಬಿನ್ (ರಕ್ತ ಹೆಪ್ಪುಗಟ್ಟದಿರುವುದು). ನೆನಪಿಗೆ ಬಂದದ್ದು ಬರೀ ಟಿ. ಇನ್ನೊಂದು ಇಂಜೆಕ್ಷನ್ ತರೋಕೆ ಫ್ರಿಜ್ಜಿನ ಕಡೆ ಓಡಿದೆ. ವಾಪಸ್ ಬಂದಾಗ ಹಿರಿಯ ಸಿಸ್ಟರ್ ಒಬ್ಬರು ಹೊಟ್ಟೆಯ ಮೇಲೆ ಕೈ ಇಟ್ಟು ಉಜ್ಜುತ್ತಾ ನಿಂತಿದ್ದರು. "ಗರ್ಭಕೋಶ ಎಲ್ಲಿದೆ ಮುಟ್ಟಿ ನೋಡಿ," ಅಂದರು. ಹೊಕ್ಕುಳಿಗಿಂತ ಮೇಲೆ, ಬಲಕ್ಕೆ ವಾಲಿ, ನೆನೆದ ಹಿಟ್ಟಿನ ಹಾಗೆ ಮೆತ್ತಗೆ ಇತ್ತು. "ಯೂರಿನ್ ಯಾವಾಗ ಖಾಲಿ ಮಾಡಿಸಿದ್ರಿ?"

ಮಾಡಿಸಿರಲಿಲ್ಲ. ಸಂಜೆಯಿಂದ ಮಾಡಿಸಿರಲಿಲ್ಲ.

ಕ್ಯಾಥಿಟರ್ ಹಾಕಿದರು. 600 ಎಂಎಲ್ ಬಂತು. ನನ್ನ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟರು. ನನ್ನ ಬೆರಳ ಕೆಳಗೇ ಅದು ನಡುವಿಗೆ ಸರಿದು, ಕೆಳಗಿಳಿದು, ನಿಧಾನವಾಗಿ ತೆಂಗಿನಕಾಯಿಯಷ್ಟು ಗಟ್ಟಿಯಾಯಿತು. ರಕ್ತ ನಿಂತಿತು.

ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ರಕ್ತ ಹರಿಯುತ್ತದೆ. ಮಾಸು ಕಳಚಿದ ಮೇಲೆ ಆ ಬಾಯಿಗಳನ್ನು ಮುಚ್ಚುವುದು ಗರ್ಭಕೋಶದ ಮಾಂಸವೇ. ಅದರ ಎಳೆಗಳು ಹೆಣೆದ ಬುಟ್ಟಿಯ ಹಾಗೆ ಅಡ್ಡಡ್ಡ ಹೋಗಿವೆ. ಬಿಗಿದಾಗ ನಡುವಿನ ರಕ್ತನಾಳಗಳ ಕತ್ತು ಹಿಸುಕುತ್ತವೆ. ತುಂಬಿದ ಮೂತ್ರಚೀಲ ಪಕ್ಕದಲ್ಲಿ ಒತ್ತಿಕೊಂಡಿದ್ದರೆ ಬಿಗಿಯೋಕೆ ಜಾಗ ಸಿಗಲ್ಲ. ಹೆರಿಗೆಯ ನಂತರದ ರಕ್ತಸ್ರಾವದಲ್ಲಿ ಮುಕ್ಕಾಲು ಭಾಗಕ್ಕೆ ಹತ್ತಿರ ಹೀಗೆ ಬಿಗಿಯದೆ ಆಗುವುದೇ. ಪಠ್ಯದಲ್ಲಿ ಅದು ಒಂದೇ ಸಾಲು: ಬ್ಲಾಡರ್ ಖಾಲಿ ಮಾಡಿಸಿ. ನಾನು ಅಂಡರ್‌ಲೈನ್ ಕೂಡ ಮಾಡಿರಲಿಲ್ಲ.

ಇನ್ನೊಂದು ತಪ್ಪು ನಾವೆಲ್ಲ ಮಾಡುವಂಥದ್ದು. ಎಷ್ಟು ಹೋಯ್ತು ಅಂತ ಕಣ್ಣಲ್ಲಿ ನೋಡಿ 300 ಅಂತ ಬರೆಯುತ್ತೇವೆ. ಬಟ್ಟೆ ಹೀರಿದ್ದು, ಮಂಚದ ಕೆಳಗೆ ಹರಿದದ್ದು ಲೆಕ್ಕಕ್ಕೆ ಬರಲ್ಲ. 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳಲ್ಲಿ ಇ-ಮೋಟಿವ್ ಅನ್ನುವ ದೊಡ್ಡ ಅಧ್ಯಯನ ಬಂತು, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳದ್ದು. ಸೊಂಟದ ಕೆಳಗೆ ಅಳತೆ ಗೆರೆ ಇರುವ ಪ್ಲಾಸ್ಟಿಕ್ ಚೀಲ ಇಟ್ಟು, ರಕ್ತ ಎಷ್ಟು ಅಂತ ಅಳೆದು, ಮಸಾಜ್, ಆಕ್ಸಿಟೋಸಿನ್, ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಪರೀಕ್ಷೆ ಎಲ್ಲಾ ಒಟ್ಟಿಗೇ ಶುರು ಮಾಡಿದರು. ಒಂದಾದ ಮೇಲೊಂದು ಕಾದು ನೋಡಲಿಲ್ಲ. ವಿಪರೀತ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಸಾವು, ಮೂರೂ ಸೇರಿ ನೂರಕ್ಕೆ 60ರಷ್ಟು ಇಳಿಯಿತು. ಹೊಸ ಔಷಧಿ ಒಂದೂ ಇಲ್ಲ. ಒಂದು ಚೀಲ, ಮತ್ತು ಜೊತೆಗೇ ಓಡುವ ಅಭ್ಯಾಸ.

ಫಿಟ್ಸ್ ಬಂದ ಬಸುರಿಯ ವಿಷಯ ಬೇಗ ಹೇಳುತ್ತೇನೆ. ಊರಲ್ಲಿ ಗಾಳಿ ಸೋಕಿದೆ ಅನ್ನುತ್ತಾರೆ. 20 ವಾರದ ಮೇಲೆ ಬಿಪಿ 140/90 ಮುಟ್ಟಿದರೆ ಅಲ್ಲಿಂದಲೇ ಕಣ್ಣಿಡಬೇಕು. ಫಿಟ್ಸಿಗೆ ಮದ್ದು ಮೆಗ್ನೀಷಿಯಂ ಸಲ್ಫೇಟ್. ಪ್ರಿಚರ್ಡ್ ಕ್ರಮದಲ್ಲಿ 4 ಗ್ರಾಂ ನರಕ್ಕೆ, ಎರಡೂ ಕುಂಡಿಗೆ ಐದೈದು ಗ್ರಾಂ, ಆಮೇಲೆ ನಾಲ್ಕು ಗಂಟೆಗೊಮ್ಮೆ 5. ಪ್ರತಿ ಡೋಸಿಗೆ ಮೊದಲು ಮೊಣಕಾಲಿಗೆ ಸುತ್ತಿಗೆ ತಟ್ಟಿ ನೋಡಬೇಕು, ಉಸಿರು ಎಣಿಸಬೇಕು, ಯೂರಿನ್ ಅಳೆಯಬೇಕು. ಕಾಲು ಎಗರದಿದ್ದರೆ ಡೋಸ್ ಇಲ್ಲ. ಮೆಗ್ನೀಷಿಯಂ ಜಾಸ್ತಿಯಾದರೆ ಕೊಡುವ ಕ್ಯಾಲ್ಸಿಯಂ ಗ್ಲುಕೋನೇಟ್ ಪಕ್ಕದಲ್ಲಿ ಇರಲೇಬೇಕು. ವಿದ್ಯಾರ್ಥಿಗಳಿಗೆ ಸುತ್ತಿಗೆ ಹಿಡಿದು ರಾತ್ರಿಯೆಲ್ಲ ಕೂರುವುದು ಬೇಜಾರಿನ ಕೆಲಸ. ಆ ರಾತ್ರಿ ವಾರ್ಡಿನಲ್ಲಿ ಅದಕ್ಕಿಂತ ದೊಡ್ಡ ಕೆಲಸ ಇರಲ್ಲ.

ವಿದ್ಯಾರ್ಥಿಗಳು ಅಂದಾಗ ನೆನಪಾಯ್ತು. 1847ರ ವಿಯೆನ್ನಾದ ಕಥೆ ಎಲ್ಲರಿಗೂ ಗೊತ್ತು, ಆದರೆ ಅದರಲ್ಲಿ ಖಳನಾಯಕರು ನಾವು ಅನ್ನುವುದು ಮರೆತುಹೋಗುತ್ತದೆ. ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡ್. ಒಂದರಲ್ಲಿ ಮೆಡಿಕಲ್ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ವಿದ್ಯಾರ್ಥಿಗಳ ವಾರ್ಡಿನಲ್ಲಿ ಬಾಣಂತಿಯರು ಜ್ವರ ಬಂದು ಎಷ್ಟೋ ಪಟ್ಟು ಹೆಚ್ಚು ಸಾಯುತ್ತಿದ್ದರು. ಅಲ್ಲಿ ಬೇಡ ಅಂತ ಹೆಂಗಸರು ಕೈಮುಗಿಯುತ್ತಿದ್ದರು. ಹೆಣ ಕೊಯ್ದ ಕೈಯಲ್ಲೇ ಹುಡುಗರು ಬಂದು ಒಳಪರೀಕ್ಷೆ ಮಾಡುತ್ತಿದ್ದಾರೆ ಅಂತ ಅಲ್ಲಿನ ಡಾಕ್ಟರ್ ಸೆಮ್ಮೆಲ್‌ವೈಸ್ ಕಂಡುಹಿಡಿದು ಕ್ಲೋರಿನ್ ನೀರಲ್ಲಿ ಕೈ ತೊಳೆಸಿದರು. ಆ ವಾರ್ಡಿನಲ್ಲಿ ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ ಸುಮಾರು 2ಕ್ಕೆ ಇಳಿಯಿತು. ಪಾವಗಡದ ಸೂಲಗಿತ್ತಿ ನರಸಮ್ಮ ಅವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಡ್ಯೂಟಿ ರೂಮಲ್ಲಿ ಒಬ್ಬರು ಮೂಗು ಮುರಿದರು. ಹದಿನೈದು ಸಾವಿರ ಹೆರಿಗೆ ಮಾಡಿಸಿದ ಕೈ ಅದು. ನಾನು ಮನೆ ಹೆರಿಗೆಯ ಪರ ಅಲ್ಲ, ರಕ್ತ ಹೋದರೆ ಮನೆಯಲ್ಲಿ ಏನೂ ಇರಲ್ಲ. ಆದರೂ ವಿಯೆನ್ನಾ ನೆನಪಿರುವವರು ಮೂಗು ಮುರಿಯಬಾರದು.

ಗೈನಕಾಲಜಿಗೆ ನನ್ನದು ಒಂದೇ ತಕರಾರು, "ಮದುವೆ ಆಗಿದೆಯಾ?" ಅನ್ನುವ ಪ್ರಶ್ನೆ. ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಗೆ ಹತ್ತೊಂಬತ್ತರ ಹುಡುಗಿ ಹೊಟ್ಟೆನೋವು, ತಲೆಸುತ್ತು ಅಂತ ಬಂದಳು. ಮದುವೆ ಆಗಿಲ್ಲ ಅಂತ ಬರೆದು, ಗ್ಯಾಸ್ಟ್ರಿಕ್ ಇಂಜೆಕ್ಷನ್ ಕೊಟ್ಟು ಮಲಗಿಸಿದೆವು. ಯೂರಿನ್ ಪ್ರೆಗ್ನೆನ್ಸಿ ಟೆಸ್ಟ್ ಮಾಡಲಿಲ್ಲ. ಎರಡು ಗಂಟೆಯಲ್ಲಿ ಬಿಪಿ ಬಿತ್ತು. ಗರ್ಭಕೋಶದ ಬದಲು ಅಂಡನಾಳದಲ್ಲಿ ಕೂತಿದ್ದ ಗರ್ಭ ಒಡೆದಿತ್ತು. ಬದುಕಿದಳು. ಮುಟ್ಟಾಗುವ ವಯಸ್ಸಿನ ಯಾರೇ ಹೊಟ್ಟೆನೋವು ಅಂತ ಬಂದರೂ ಟೆಸ್ಟ್ ಮೊದಲು. ಮದುವೆ ಆಗಿದೆಯಾ ಅನ್ನೋದು ಛತ್ರದಲ್ಲಿ ಕೇಳುವ ಪ್ರಶ್ನೆ. ಇನ್ನು ಕೆಮ್ಮಿಗೆ ಅಂತ ಬಂದು, ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು "ಕೆಳಗೆ ಏನೋ ಇಳಿದಂಗೆ ಆಯ್ತದೆ" ಅನ್ನುವ ಅಜ್ಜಿಯರನ್ನು ವಾಪಸ್ ಕೂರಿಸಿ. ಗರ್ಭಕೋಶ ಜಾರಿ ಹತ್ತು ವರ್ಷ ಆಗಿರುತ್ತೆ.

ಹೊಸ ತೊಡಕಿನ ಹುಡುಗಿ ಬಂದದ್ದು ಜನವರಿ 20ರ ರಾತ್ರಿ. ಲೆಕ್ಕಕ್ಕಿಂತ ಮೂರು ದಿನ ತಡ. ಅಷ್ಟೊತ್ತಿಗೆ ಹುಬ್ಬಳ್ಳಿಯವನ ಪೋಸ್ಟಿಂಗ್ ಮುಗಿದು ಬೇರೆ ಹುಡುಗಿ ಬಂದಿದ್ದಳು. ಪಾರ್ಟೋಗ್ರಾಫ್ ಹಾಳೆ ಮಂಚದ ಪಕ್ಕವೇ ಇತ್ತು, ಚುಕ್ಕೆಗಳು ಸ್ವಲ್ಪ ಸೊಟ್ಟಗೆ ಇದ್ದವು. ಎರಡೂವರೆಗೆ ಹೆರಿಗೆ ಆಯಿತು. ಗಂಡು, 2.9 ಕೆಜಿ. ಅತ್ತೆ ಹೊರಗೆ ಯಾರಿಗೋ ಫೋನಿನಲ್ಲಿ ಕೂಗಿ ಹೇಳುತ್ತಿದ್ದರು.

ಹೌಸ್ ಸರ್ಜನ್ ಸ್ಟೂಲ್ ಎಳೆದುಕೊಂಡು ಕೂತಳು. ಹದಿನೈದು ನಿಮಿಷಕ್ಕೊಮ್ಮೆ ನೋಡಬೇಕು, ಎರಡು ಗಂಟೆ. ಕಣ್ಣು ಎಳೆಯುತ್ತಿತ್ತು, ಪಾಪ. ಒಂದು ಸಲ ಕೈ ಉಜ್ಜಿಕೊಂಡು ಹೊಟ್ಟೆ ಮುಟ್ಟಿದಳು, ಚೀಲದ ಗೆರೆ ನೋಡಿದಳು, ಗಡಿಯಾರ ನೋಡಿ ಬರೆದಳು. ಹಿಂದಿನಿಂದ ಬಗ್ಗಿ ಓದಿದೆ. 3.15. ಬಿಪಿ 110/70. ನಾಡಿ 84. ರಕ್ತ 150 ಎಂಎಲ್. ಗರ್ಭಕೋಶ ಗಟ್ಟಿ. ಯೂರಿನ್ ಖಾಲಿ.